ಹೂವಿನಮ್ಮನ ಗಾಡಿಯ ಬೆಳಗಿನ ಕೆಮ್ಮು

ಬಿಸಿ ಗಾಡಿ ತಂದು ನಿಲ್ಲಿಸಿ, ತಣ್ಣಗಿದ್ದಾಗಿನ ಕಾಯಿಲೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಜ್ವರ ಬಿಟ್ಟ ಮೇಲೆ ಡಾಕ್ಟರ ಮುಂದೆ ಹೋಗಿ ಕೂತ ಹಾಗೆ ಅದು. ಎಂಜಿನ್ ಒಮ್ಮೆ ಬಿಸಿಯಾಯಿತೆಂದರೆ ಕಾಯಿಲೆಯ ಗುರುತೆಲ್ಲ ಅಳಿಸಿಹೋಗಿರುತ್ತದೆ. ಹೂವಿನಮ್ಮ ಬಂದದ್ದೂ ಹಾಗೇ, ಸುಡುಸುಡು ಮಧ್ಯಾಹ್ನ. ಆಷಾಢ ಕಳೆದು ಶ್ರಾವಣ ಹಿಡಿದ ಹೊಸತು.

ಚಂದಾಪುರದಿಂದ ಆನೇಕಲ್ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಶೀಟಿನ ಶೆಡ್ಡು. ಎಂಜಿನ್, ವೈರಿಂಗ್ ನನ್ನದು. ಬ್ರೇಕು, ಟಿಂಕರಿಂಗ್ ನನ್ನ ಪಾರ್ಟ್ನರ್‌ನದು. ಹೆಂಗಸು ಬಾನೆಟ್ಟಿನೊಳಗೆ ಕೈ ಹಾಕುವುದನ್ನು ಕಂಡು ಅರ್ಧ ಗಿರಾಕಿಗಳು ಹಿಂದೆ ನೋಡದೆ ಹೋಗುತ್ತಾರೆ, ಉಳಿದರ್ಧ ಅದಕ್ಕೇ ಹುಡುಕಿಕೊಂಡು ಬರುತ್ತಾರೆ. ಹೂವಿನಮ್ಮ ಎರಡನೆಯ ಪೈಕಿ.

"ಬೆಳಿಗ್ಗೆ ಎದ್ದು ಸ್ಟಾಟ್ ಮಾಡಿದ್ರೆ ಗಡಗಡ ಅಂತ ನಡುಗ್ತದೆ ಕಣವ್ವ," ಎಂದರು. "ಎರಡು ಸಲ, ಮೂರು ಸಲ ಆಫ್ ಆಯ್ತದೆ. ಆಮ್ಯಾಕೆ ಏನೂ ಇಲ್ಲ, ಸುಮ್ಕೆ ಓಯ್ತದೆ. ನಮ್ಮ ಮಗ ಅಂತಾನೆ, ಅಮ್ಮ ನಿಂಗೆ ಕ್ಲಚ್ ಬಿಡಾಕೆ ಬರಾಕಿಲ್ಲ ಅಂತ."

ಅವರ ಜಮೀನಿನಲ್ಲಿ ಹೆಚ್ಚಿನದೆಲ್ಲ ಬಾಡಿಗೆ ಮನೆಗಳಾಗಿ ಎದ್ದು ನಿಂತಿದೆ. ಉಳಿದ ಒಂದು ತುಂಡಿನಲ್ಲಿ ಕಾಕಡ ಹೂವನ್ನೂ ಸೇವಂತಿಗೆಯನ್ನೂ ಅವರು ಹಟ ಹಿಡಿದು ಬೆಳೆಯುತ್ತಾರೆ. ಬೆಳಕು ಹರಿಯುವ ಮುಂಚೆ ಹೊಲಕ್ಕೆ ಹೋಗಿ, ಬಿಡಿಸಿ, ಹೂವಿನ ಟೆಂಪೋ ಹೊರಡುವಷ್ಟರಲ್ಲಿ ಸರ್ಕಲ್ಲಿಗೆ ಮುಟ್ಟಿಸಬೇಕು. ಮೊದಲೆಲ್ಲ ಮಗ ಏಳುವುದನ್ನೋ ಆಟೋದವನು ಬರುವುದನ್ನೋ ಕಾಯುತ್ತಿದ್ದರಂತೆ. ಅರವತ್ತರ ಹತ್ತಿರ ಡ್ರೈವಿಂಗ್ ಕಲಿತು, ಲೈಸೆನ್ಸ್ ತೆಗೆಸಿ, ಮಗನ ಹಳೆಯ ಪೆಟ್ರೋಲ್ ಕಾರನ್ನು ತಮ್ಮದು ಮಾಡಿಕೊಂಡರು. ಈಗ ಮಗ ಅದನ್ನು ಎಕ್ಸ್‌ಚೇಂಜಿಗೆ ಕೊಟ್ಟು ದೊಡ್ಡ ಆಟೋಮ್ಯಾಟಿಕ್ ತರುತ್ತೇನೆ, ನಾನೇ ಓಡಿಸುತ್ತೇನೆ, ನೀನು ಹಿಂದೆ ಆರಾಮಾಗಿ ಕೂತುಕೋ ಎನ್ನುತ್ತಿದ್ದ.

"ಇಂದೆ ಕೂತ್ರೆ ನಾನೂ ಊವಿನ ಮೂಟೆ ಇದ್ದಂಗೆ," ಎಂದರು ಹೂವಿನಮ್ಮ. "ಎತ್ತಿ ಆಕಿದ್ರೆ ಓಗ್ಬೇಕು, ಇಳಿಸಿದ್ರೆ ಇಳೀಬೇಕು. ಇದನ್ನ ಸರಿ ಮಾಡ್ಕೊಡವ್ವ, ನಿನ್ನ ಒಟ್ಟೆ ತಣ್ಣಗಿರ್ಲಿ."

ಗಾಡಿಯನ್ನು ರಾತ್ರಿ ಶೆಡ್ಡಿನಲ್ಲೇ ಬಿಟ್ಟು ಹೋಗಲು ಹೇಳಿದೆ. ತಣ್ಣನೆಯ ಸ್ಟಾರ್ಟ್ ದಿನಕ್ಕೆ ಒಂದೇ ಸಲ ಸಿಗುವುದು. ಅದನ್ನು ಕಳೆದುಕೊಂಡರೆ ಮತ್ತೆ ಮರುದಿನದವರೆಗೆ ಕಾಯಬೇಕು.

ಮರುದಿನ ಮಕ್ಕಳನ್ನು ಸ್ಕೂಲ್ ಬಸ್ ಹತ್ತಿಸಿ ಶೆಡ್ಡಿಗೆ ಹೋದೆ. ಹೂವಿನಮ್ಮನ ಗಾಡಿ ನಾನು ಬಿಟ್ಟಲ್ಲೇ ನಿಂತಿತ್ತು. ಸ್ಕ್ಯಾನರ್ ಚುಚ್ಚಿ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಹೊತ್ತಿಕೊಂಡು, ಒಂಚೂರೂ ನಡುಗದೆ ನಿಂತಿತು. ದೋಷ ತೋರಿಸುವ ಕೋಡ್ ಯಾವುದೂ ಇಲ್ಲ. ಪ್ಲಗ್ ಬಿಚ್ಚಿ ನೋಡಿದರೆ ನಾಲ್ಕೂ ಮಸಿ ಹಿಡಿದಿವೆ. ಅಂದರೆ ಎಲ್ಲೋ ಪೆಟ್ರೋಲ್ ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿದೆ. ಹೊಸ ಪ್ಲಗ್ ಹಾಕಿದೆ, ಥ್ರಾಟಲ್ ಒರೆಸಿದೆ. ಏರ್ ಫಿಲ್ಟರ್ ಡಬ್ಬಿ ತೆರೆದೆ. ಕಾಗದದ ಫಿಲ್ಟರ್ ಇರಬೇಕಾದ ಜಾಗದಲ್ಲಿ ತೊಳೆದು ಬಳಸುವ ಸ್ಪಂಜಿನದ್ದು ಕೂತಿತ್ತು. ಚೊಕ್ಕವಾಗಿತ್ತು, ಹಾಗೇ ಮುಚ್ಚಿದೆ.

ಅದರ ಮರುದಿನವೂ ಇದೇ ಕತೆ, ಬೆಣ್ಣೆಯಂಥ ಸ್ಟಾರ್ಟ್. ಆದರೆ ಈ ಸಲ ಸ್ಕ್ಯಾನರ್‌ನಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎಂಜಿನ್ ನೀರಿನ ಶಾಖವೂ ಹೊರಗಿನ ಗಾಳಿಯ ಶಾಖವೂ ಹೆಚ್ಚು ಕಡಿಮೆ ಒಂದೇ ಇರಬೇಕು. ಇಲ್ಲಿ ನೀರಿನ ಶಾಖ ಎಲ್ಲೋ ಮೇಲಿತ್ತು. ಸಿಕ್ಕಿಬಿದ್ದೆಯಲ್ಲಾ ಮಗನೇ ಎಂದುಕೊಂಡೆ. ಶಾಖ ಅಳೆಯುವ ಸೆನ್ಸರ್ ತಪ್ಪು ಹೇಳಿದರೆ ಕಂಪ್ಯೂಟರ್ ಪೆಟ್ರೋಲಿನ ಲೆಕ್ಕ ತಪ್ಪಿಸುತ್ತದೆ, ಬೆಳಗಿನ ನಡುಕಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ? ಅರ್ಧ ದಿನ ಅಲೆದು ಹೊಸ ಸೆನ್ಸರ್ ತಂದು ಹಾಕಿದೆ.

ಮಾರನೆಯ ಬೆಳಿಗ್ಗೆ ಹೊಸ ಸೆನ್ಸರೂ ಅದೇ ಶಾಖ ತೋರಿಸಿತು! ಸಿಟ್ಟಿನಲ್ಲಿ ರೇಡಿಯೇಟರ್ ಹೋಸನ್ನು ಕೈಯಲ್ಲಿ ಹಿಡಿದೆ. ಹೋಸು ನಿಜಕ್ಕೂ ಬೆಚ್ಚಗಿತ್ತು.

ಪಾರ್ಟ್ನರ್ ಆಗ ತಾನೇ ಊದಿನಕಡ್ಡಿ ಹಚ್ಚಿ ಗಲ್ಲಾಪೆಟ್ಟಿಗೆಗೆ ಸುತ್ತಿಸುತ್ತಿದ್ದ.

"ಈ ಗಾಡಿ ಯಾರಾದ್ರೂ ಸ್ಟಾರ್ಟ್ ಮಾಡಿದ್ರಾ?" ಎಂದು ಕೇಳಿದೆ.

"ನಾನೇ ಮಾಡ್ದೆ. ನೆಲ ಗುಡಿಸ್ಬೇಡ್ವಾ? ಎಲ್ಲಾ ಗಾಡಿನೂ ಆಚೆ ತೆಗ್ದು, ನೀರು ಹಾಕಿ, ರಂಗೋಲಿ ಆದ್ಮೇಲೆ ಒಳಗೆ ಬಿಡೋದು. ಇವತ್ತಿಂದಾ ಇದು?"

"ಸ್ಟಾರ್ಟ್ ಮಾಡ್ದಾಗ ಹೆಂಗಿತ್ತು?"

"ಹೆಂಗಿರುತ್ತೆ, ಕೆಮ್ತು. ನಾನೂ ಬೆಳಿಗ್ಗೆ ಎದ್ದು ಕೆಮ್ತೀನಿ."

"ಅದನ್ನ ನಂಗ್ಯಾಕೆ ಹೇಳ್ಲಿಲ್ಲ ಮಾರಾಯ?"

"ನೀವೆಲ್ಲಿ ಕೇಳಿದ್ರಿ ಅಕ್ಕ?"

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನೂ ಬಿಡಲಿಲ್ಲ, ಕಸದ ಮೇಲೆ ಲಕ್ಷ್ಮಿ ಬರ್ತಾಳಾ ಎಂದು ನನಗೇ ತಿರುಗಿಸಿದ. ಗುಡಿಸುವ ಹೆಂಗಸು ಪೊರಕೆ ಹಿಡಿದು ನಮ್ಮಿಬ್ಬರ ಜಗಳ ಮುಗಿಯಲಿ ಎಂದು ಕಾಯುತ್ತಿದ್ದಳು. ಆಮೇಲೆ ಎಲ್ಲರೂ ಚಹಾ ಕುಡಿದೆವು. ಹಳೆಯ ಸೆನ್ಸರನ್ನೇ ತಿರುಗಿ ಹಾಕಿ, ಸಂಜೆ ಗಾಡಿಯ ಗಾಜಿಗೆ ಒಂದು ರಟ್ಟು ಅಂಟಿಸಿದೆ: "ಮುಟ್ಟಿದವರ ಕೈ ಮುರಿಯಲಾಗುವುದು."

ಮರುದಿನ ಮಕ್ಕಳನ್ನು ಗಂಡನಿಗೆ ಒಪ್ಪಿಸಿ ಬೇಗ ಹೋದೆ. ಗಾಡಿಯನ್ನು ಯಾರೂ ಅಲುಗಿಸಿರಲಿಲ್ಲ, ಅದರ ಸುತ್ತಲೇ ಗುಡಿಸಿ ರಂಗೋಲಿ ಹಾಕಿದ್ದರು. ನೀರಿನ ಶಾಖ, ಗಾಳಿಯ ಶಾಖ ಒಂದಕ್ಕೊಂದು ಸರಿಯಾಗಿದ್ದವು. ಕೀ ತಿರುಗಿಸಿದೆ. ಅಬ್ಬಬ್ಬಾ, ಸ್ಟೀರಿಂಗ್ ಹಿಡಿದ ಕೈಯೆಲ್ಲ ಅದುರಿತು. ಕಪ್ಪು ಹೊಗೆ, ಮೂಗಿಗೆ ಅಡರುವ ಪೆಟ್ರೋಲ್ ವಾಸನೆ. ಎರಡು ಸಲ ಆಫ್ ಆಯಿತು. ಗಾಡಿ ನಡುಗುತ್ತಿದ್ದರೆ ನಾನು ನಗುತ್ತಿದ್ದೆ. ಕಡೆಗೂ ಕಾಯಿಲೆಯ ಮುಖ ನೋಡಿದ್ದೆನಲ್ಲ!

ಎಂಜಿನ್ ಎಷ್ಟು ಗಾಳಿ ಎಳೆಯುತ್ತಿದೆಯೆಂದು ಅಳೆಯಲು ಫಿಲ್ಟರ್ ಡಬ್ಬಿಯ ಹಿಂದೆ ಒಂದು ಸೆನ್ಸರ್ ಇರುತ್ತದೆ. ಅದರೊಳಗೆ ಕೂದಲೆಳೆಯಂಥ ಬಿಸಿ ತಂತಿ. ಎಂಜಿನ್ ತಣ್ಣಗಿದ್ದಾಗ ಕಂಪ್ಯೂಟರಿಗೆ ಆ ತಂತಿಯ ಮಾತೇ ಆಧಾರ, ಅದು ಹೇಳಿದಷ್ಟು ಗಾಳಿಗೆ ತಕ್ಕ ಪೆಟ್ರೋಲ್ ಬಿಡುತ್ತದೆ. ಒಂದೆರಡು ನಿಮಿಷದಲ್ಲಿ ಸೈಲೆನ್ಸರ್ ಕಡೆಯ ಇನ್ನೊಂದು ಸೆನ್ಸರ್ ಬಿಸಿಯಾಗಿ ಎಚ್ಚರಗೊಂಡು, "ಜಾಸ್ತಿಯಾಯ್ತು, ಕಡಿಮೆ ಮಾಡು" ಎಂದು ತಿದ್ದುತ್ತದೆ. ಇಲ್ಲಿ ಆ ತಂತಿ ಇಲ್ಲದ ಗಾಳಿಯನ್ನು ಇದೆ ಎಂದು ತೋರಿಸುತ್ತಿತ್ತು. ಖಚಿತ ಮಾಡಿಕೊಳ್ಳಲು ಇನ್ನೊಂದು ದಿನ ಕಾದು, ಬೆಳಿಗ್ಗೆ ಆ ಸೆನ್ಸರಿನ ಪ್ಲಗ್ ಕಿತ್ತು ಸ್ಟಾರ್ಟ್ ಮಾಡಿದೆ. ಸುಳ್ಳು ಹೇಳುವವನು ಬಾಯಿ ಮುಚ್ಚಿದೊಡನೆ ಕಂಪ್ಯೂಟರ್ ತನ್ನದೇ ಅಂದಾಜಿನಲ್ಲಿ ನಡೆದು ಗಾಡಿ ನೆಟ್ಟಗೆ ನಿಂತಿತು. ಸೆನ್ಸರ್ ಬಿಚ್ಚಿ ನೋಡಿದರೆ ತಂತಿಯ ಮೇಲೆ ಕಂದು ಬಣ್ಣದ ಅಂಟು. ಅದಕ್ಕೆಂದೇ ಇರುವ ಸ್ಪ್ರೇ ಹೊಡೆದು ತೊಳೆದೆ. ಮರುದಿನ ತಣ್ಣನೆಯ ಸ್ಟಾರ್ಟ್ ನೋಡಿಯೇ ಹೂವಿನಮ್ಮನಿಗೆ ಫೋನ್ ಮಾಡಿದೆ. ಅವರು ಒಂದು ಮೊರದಗಲದ ಸೇವಂತಿಗೆ ದಂಡೆ ತಂದು ಶೆಡ್ಡಿನ ಬಾಗಿಲಿಗೆ ಕಟ್ಟಿ ಗಾಡಿ ತೆಗೆದುಕೊಂಡು ಹೋದರು.

ಶ್ರಾವಣ ಮುಗಿಯುವ ಮುಂಚೆಯೇ ಗಾಡಿ ವಾಪಸ್ ಬಂತು. ಈ ಸಲ ಓಡಿಸಿಕೊಂಡು ಬಂದವನು ಮಗ. ಹೂವಿನಮ್ಮ ಪಕ್ಕದ ಸೀಟಿನಲ್ಲಿ ತುಟಿ ಬಿಗಿದು ಕೂತಿದ್ದರು. ಹಿಂದಿನ ಬಂಪರ್ ಒಳಗೆ ಹೋಗಿತ್ತು.

ಅವರ ಗಾಡಿ ನಿಲ್ಲುವುದು ಬಾಡಿಗೆ ಮನೆಗಳ ಕೆಳಗಿನ ಪಾರ್ಕಿಂಗಿನಲ್ಲಿ. ಅಲ್ಲಿಂದ ರಸ್ತೆಗೆ ಕಡಿದಾದ ಏರು. ಅರ್ಧ ಏರಿನಲ್ಲಿ ಎಂಜಿನ್ ಸತ್ತು, ಗಾಡಿ ಹಿಂದಕ್ಕೆ ಜಾರಿ ಕಂಬಕ್ಕೆ ಗುದ್ದಿತ್ತು. ಯಾರಿಗೂ ಏನೂ ಆಗಿರಲಿಲ್ಲ.

"ಅಕ್ಕ, ನೀವು ಚೆನ್ನಾಗೇ ಕೆಲ್ಸ ಮಾಡಿರ್ತೀರ, ಇಲ್ಲ ಅನ್ನಲ್ಲ," ಎಂದ ಮಗ. ಅವನ ದನಿ ಇನ್ನೂ ನಡುಗುತ್ತಿತ್ತು. "ಬಾಡಿಗೆ ಮನೆ ಮಕ್ಕಳು ಅಲ್ಲೇ ಸೈಕಲ್ ಹೊಡೀತಿರ್ತಾವೆ. ನಾಳೆ ಒಂದು ಹೋಗಿ ಒಂದಾದ್ರೆ? ಎಕ್ಸ್‌ಚೇಂಜ್‌ನವರು ಭಾನುವಾರ ಬರ್ತಾರೆ. ಕೊಟ್ಬಿಡ್ತೀನಿ."

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ. ಅವನು ಹೇಳುತ್ತಿದ್ದುದರಲ್ಲಿ ತಪ್ಪೇನಿತ್ತು? ಹೂವಿನಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದರು.

ಸೆನ್ಸರ್ ಬಿಚ್ಚಿದೆ. ಅದೇ ಕಂದು ಅಂಟು, ಮೊದಲಿಗಿಂತ ದಪ್ಪ.

"ಹೊಸ ಸೆನ್ಸರ್ ಹಾಕಿ ಕೈ ತೊಳ್ಕೊಳ್ಳಿ ಅಕ್ಕ," ಎಂದ ಪಾರ್ಟ್ನರ್.

ಹೊಸದನ್ನು ಹಾಕಿದರೂ ಅಷ್ಟೇ ದಿನ ಅದರ ಬಾಳು. ಅಂಟು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ತಂತಿ ಬದಲಿಸುವುದೆಂದರೆ ನಲ್ಲಿ ತಿರುಗಿಸದೆ ನೆಲ ಒರೆಸಿದ ಹಾಗೆ. ನಾನು ತೊಳೆದು ಕಳಿಸಿದ ತಂತಿಗೆ ಅವರ ಮನೆಗೆ ಹೋದೊಡನೆ ಮತ್ತೆ ಅಂಟು ಬರುತ್ತದೆ ಎಂದರೆ, ಹುಡುಕಬೇಕಾದ ಜಾಗವೂ ಅದೇ. ಕಾಯಿಲೆಯ ಗುರುತು ಅಳಿಸದಿರಲಿ ಎಂದು ಸೆನ್ಸರನ್ನು ತೊಳೆಯದೆ ಹಾಗೇ ತಿರುಗಿ ಕೂರಿಸಿ, ಗಾಡಿಯನ್ನು ಮನೆಗೇ ಕಳಿಸಿಬಿಟ್ಟೆ. "ಶನಿವಾರ ಬೆಳಿಗ್ಗೆ ನಾನೇ ಬರ್ತೀನಿ. ನಾನು ಬಂದಿದೀನಿ ಅಂತ ಏನೂ ಬದಲಾಯಿಸ್ಬೇಡಿ ದೊಡ್ಡಮ್ಮ, ದಿನಾ ಏನೇನು ಮಾಡ್ತೀರೋ ಅದನ್ನೇ ಮಾಡಿ," ಎಂದೆ.

ಶ್ರಾವಣ ಶನಿವಾರ. ನಾನು ಸ್ಕೂಟರಿನಲ್ಲಿ ಅವರ ಮನೆ ಮುಟ್ಟಿದಾಗ ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಹೂವಿನಮ್ಮ ಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿ, ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟು ಪಾರ್ಕಿಂಗಿಗೆ ಇಳಿದರು. ಕೈಯಲ್ಲಿ ಧೂಪದ ಆರತಿ. ತೆಂಗಿನ ಚಿಪ್ಪಿನ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಮಗ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ.

ಅವರು ಧೂಪವನ್ನು ಪಕ್ಕಕ್ಕಿಟ್ಟು ಬಾನೆಟ್ ಎತ್ತಿದರು. ಒಳಗೆ ಕೂತು ಸ್ಟಾರ್ಟ್ ಮಾಡಿದರು. ಕೆಮ್ಮಿತು, ಸತ್ತಿತು, ಮತ್ತೆ ಕೆಮ್ಮಿ ಹೇಗೋ ಹಿಡಿದುಕೊಂಡಿತು. ಗಾಡಿ ಗಡಗಡ ಎನ್ನುತ್ತಿರುವಾಗಲೇ ಇಳಿದು ಬಂದು, ಕೆಂಡದ ಮೇಲೆ ಒಂದು ಹಿಡಿ ಸಾಂಬ್ರಾಣಿ ಸುರಿದು, ದಟ್ಟ ಬಿಳಿ ಹೊಗೆಯನ್ನು ನೇರವಾಗಿ ಎಂಜಿನ್ ಗಾಳಿ ಎಳೆಯುವ ಕೊಳವೆಯ ಬಾಯಿಗೆ ಹಿಡಿದರು. ಹೊಗೆ ಎತ್ತಲೂ ಚೆದುರದೆ ಎಳೆ ಹಿಡಿದ ಹಾಗೆ ಒಳಗೆ ಹೋಯಿತು.

"ನೋಡವ್ವ, ನೋಡು," ಎಂದರು. ಮುಖದಲ್ಲಿ ಎಂಥ ಬೆಳಕು! "ಎಂಗೆ ಎಳ್ಕೊಳ್ತದೆ. ಒಪ್ಕೊಂಡಂಗೆ."

ನಾನು ಬಗ್ಗಿ ಆ ಕೊಳವೆಯ ಬಾಯಿ ನೋಡಿದೆ.

"ಯಾವಾಗಿಂದ ದೊಡ್ಡಮ್ಮ?"

"ಮೊದ್ಲಿಂದ್ಲೂವೆ. ಮಂಗ್ಳವಾರ, ಸುಕ್ರವಾರ ಮಾಡ್ತೀನಿ. ಸ್ರಾವಣದಾಗೆ ದಿನಾ. ಎಲ್ರೂ ಮೇಲಿನ ತಗಡಿಗೆ ಕುಂಕುಮ ಇಕ್ಕಿ ಓಯ್ತಾರೆ. ಕೆಲ್ಸ ಮಾಡೋದು ಎಂಜಿನ್ನು, ಪೂಜೆ ತಗಡಿಗಾ?"

"ಸ್ಟಾರ್ಟ್ ಯಾಕೆ ಮಾಡ್ತೀರ ಮೊದಲೇ?"

"ಎದ್ದ ಮ್ಯಾಕೆ ತಾನೆ ಪೂಜೆ? ಮಲ್ಗಿರೋರಿಗೆ ಯಾರಾದ್ರೂ ದೂಪ ಆಕ್ತಾರಾ?"

ನಾನೂ ವಿಭೂತಿ ಇಟ್ಟುಕೊಳ್ಳದೆ ಸ್ಪ್ಯಾನರ್ ಮುಟ್ಟುವವಳಲ್ಲ. ಅವರ ಮಾತಿನಲ್ಲಿ ನನಗೆ ಒಂದು ತಪ್ಪೂ ಕಾಣಲಿಲ್ಲ. ಆದರೆ ಸಾಂಬ್ರಾಣಿ ಎಂದರೆ ಮರದ ಅಂಟು. ಹೊಗೆಯಾಗಿ ಒಳಗೆ ಹೋದದ್ದು ತಂತಿಯ ಮೇಲೆ ಮತ್ತೆ ಅಂಟಾಗಿ ಕೂರುತ್ತಿತ್ತು. ಹಾಗಿದ್ದರೆ ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ? ಗಾಡಿ ಆಫ್ ಮಾಡಿಸಿ ಫಿಲ್ಟರ್ ಡಬ್ಬಿ ಬಿಚ್ಚಿದೆ. ಆ ಸ್ಪಂಜನ್ನು ಕೈಗೆ ತೆಗೆದುಕೊಂಡು, ಹಿಂದೆ ನನ್ನ ಬಿಳಿ ಕರವಸ್ತ್ರ ಹಿಡಿದು, ಮುಂದಿನಿಂದ ಧೂಪಕ್ಕೆ ಒಡ್ಡಿದೆ. ಹೊಗೆ ಸ್ಪಂಜನ್ನು ಕೇಳಲೇ ಇಲ್ಲ, ನೇರ ದಾಟಿ ಬಂತು. ಸ್ವಲ್ಪ ಹೊತ್ತಿಗೆ ಕರವಸ್ತ್ರದ ಮೇಲೆ ಹಳದಿ ಕಲೆ ಮೂಡಿತು.

"ಈ ಸ್ಪಂಜು ಯಾರು ಹಾಕಿದ್ದು?"

"ನಾನೇ," ಎಂದ ಮಗ ಮೆಟ್ಟಿಲಿಳಿದು ಬರುತ್ತಾ. "ಆನ್‌ಲೈನ್‌ನಲ್ಲಿ ತರಿಸ್ದೆ. ಲೈಫ್‌ಟೈಮ್ ಬರುತ್ತೆ, ತೊಳ್ದು ಹಾಕ್ಬೋದು ಅಂತ. ಯುಗಾದಿ ಟೈಮಲ್ಲಿ. ಯಾಕಕ್ಕ?"

ನನಗೆ ಈ ಕೆಲಸದ ಅತಿ ಕಷ್ಟದ ಘಳಿಗೆ ಅದು, ಸ್ಪ್ಯಾನರಿನಿಂದ ಆಗುವಂಥದ್ದಲ್ಲ. ಧೂಪದ ಮಾತೆತ್ತಿದರೆ ಮಗನ ಕೈ ಮೇಲಾಗುತ್ತದೆ, ಅಮ್ಮನೇ ಗಾಡಿ ಕೆಡಿಸಿದಳು ಎಂದು ಮುಗಿಸಿಬಿಡುತ್ತಾನೆ. ಎತ್ತದೆ ಫಿಲ್ಟರ್ ಬದಲಿಸಿ ಸುಮ್ಮನಾಗಬಹುದಿತ್ತು. ಆದರೆ ಕಾಗದದ ಫಿಲ್ಟರಾದರೂ ಇಂಥ ಹೊಗೆಗೆ ಎಷ್ಟು ದಿನ ತಡೆದೀತು? ಇನ್ನೊಮ್ಮೆ ಏರಿನಲ್ಲಿ ಸತ್ತರೆ? ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಕರವಸ್ತ್ರ ತೋರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೊಗೆ ಅಮ್ಮನದು, ಹೊಗೆಗೆ ಬಾಗಿಲು ತೆಗೆದ ಸ್ಪಂಜು ಮಗನದು, ಎರಡೂ ಸೇರಿಯೇ ಈ ಕೆಮ್ಮು, ಡ್ರೈವಿಂಗಿನದು ಏನೂ ತಪ್ಪಿಲ್ಲ ಎಂದೆ.

ಹೂವಿನಮ್ಮ ಧೂಪದ ಆರತಿಯನ್ನು ನೆಲಕ್ಕಿಟ್ಟರು.

"ಅಂಗಾದ್ರೆ ಅದು ಒಪ್ಕೊಂಡಿದ್ದಲ್ಲ," ಎಂದರು ಮೆಲ್ಲಗೆ. "ಉಸ್ರು ಕಟ್ಕೊಂಡು ಒದ್ದಾಡ್ತಿತ್ತಾ? ಇಷ್ಟ್ ದಿನಾನೂ? ನನ್ನ ಕೈಯಾರೆ?"

ಅವರ ಕಣ್ಣು ತುಂಬಿತು. ಮಗ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ. ಆಮೇಲೆ ಮೆತ್ತಗೆ, "ಹೋಗ್ಲಿ ಬಿಡಮ್ಮ, ಬಾಗ್ಲು ತೆಗ್ದೋನು ನಾನೇ ಅಲ್ವಾ," ಎಂದ.

"ಮತ್ತೆ! ಲೈಪ್‌ಟೈಮು ಅಂತೆ ಲೈಪ್‌ಟೈಮು!" ಎಂದು ಹೂವಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡೇ ಗದರಿದರು. ನನಗೆ ನಗು ತಡೆಯಲಾಗಲಿಲ್ಲ, ಅವನಿಗೂ.

ಧೂಪ ಬಿಡಿ ಎಂದು ನಾನು ಹೇಳಲಿಲ್ಲ. ಎಂಜಿನ್ ಆಫ್ ಇದ್ದಾಗ ಹಾಕಿ, ಹೊಗೆ ಚೆದುರಿದ ಮೇಲೆ ಸ್ಟಾರ್ಟ್ ಮಾಡಿ ಎಂದೆ.

"ಮಲ್ಗಿರೋರಿಗಾ?"

"ಗುಡೀಲಿ ದೇವರನ್ನ ಎಬ್ಬಿಸೋಕೇ ಅಲ್ವಾ ದೊಡ್ಡಮ್ಮ ಬೆಳಿಗ್ಗೆ ಗಂಟೆ ಬಾರಿಸೋದು? ಹಂಗೇ ಇದೂ."

ಅವರು ಒಪ್ಪಿದೆನೆಂದೂ ಅಲ್ಲ, ಇಲ್ಲವೆಂದೂ ಅಲ್ಲ ಎಂಬಂತೆ ತಲೆಯಾಡಿಸಿದರು. ನಾನು ತಂತಿ ತೊಳೆದು, ಕಾಗದದ ಫಿಲ್ಟರ್ ತಂದು ಕೂರಿಸಿದೆ. ಗಾಡಿ ಅಷ್ಟರಲ್ಲಿ ಬಿಸಿಯಾಗಿತ್ತು, ಇನ್ನು ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಎಕ್ಸ್‌ಚೇಂಜಿನವನು ಬರುವ ಮೊದಲು ಉಳಿದದ್ದು ಒಂದೇ ಒಂದು ತಣ್ಣನೆಯ ಸ್ಟಾರ್ಟ್.

"ನಾಳೆ ಏರಲ್ಲಿ ಒಂದ್ಸಲ ಆಫ್ ಆದ್ರೂ ಕೊಡೋದೇ ಅಕ್ಕ," ಎಂದ ಮಗ.

"ಆಯ್ತು," ಎಂದೆ.

ಭಾನುವಾರ ಸಣ್ಣಗೆ ಹನಿಯುತ್ತಿತ್ತು, ಗಾಳಿ ತಣ್ಣಗೆ ಕೊರೆಯುತ್ತಿತ್ತು. ಹೂವಿನಮ್ಮ ಬಾನೆಟ್ ಎತ್ತಿ, ಆಫ್ ಇದ್ದ ಎಂಜಿನ್ನಿಗೆ ಧೂಪ ಹಿಡಿದರು. ಹೊಗೆ ಒಳಗೆ ಹೋಗದೆ ಅವರ ಮುಖದ ಮೇಲೇ ಹರಡಿ ಮೇಲೆದ್ದಿತು. "ಎಳ್ಕೊಳ್ಳಿಲ್ಲ," ಎಂದರು ಸಪ್ಪಗೆ. ಹೊಗೆ ಪೂರ್ತಿ ಹೋಗುವವರೆಗೆ ಮೂವರೂ ಕಾದೆವು. ಬಾನೆಟ್ ಮುಚ್ಚಿ, ಕೈ ಮುಗಿದು, ಒಳಗೆ ಕೂತು ಕೀ ತಿರುಗಿಸಿದರು.

ಒಂದೇ ಸಲಕ್ಕೆ ಹೊತ್ತಿಕೊಂಡಿತು. ಮೊದಲು ಜೋರಾಗಿ, ಆಮೇಲೆ ತಾನಾಗಿ ಇಳಿದು, ಒಂದೇ ಸಮ ಸದ್ದು. ಬಾಗಿಲ ಮೇಲಿಟ್ಟ ನನ್ನ ಅಂಗೈಗೆ ಸಣ್ಣ ನಡುಕವೂ ತಾಗಲಿಲ್ಲ. ನನಗೆ ಕುಣಿಯಬೇಕೆನಿಸಿತು.

"ಓಡಿಸ್ಲೇನವ್ವ?"

"ಹೂಂ ದೊಡ್ಡಮ್ಮ."

ಗಾಡಿ ಏರು ಹತ್ತತೊಡಗಿತು. ಅರ್ಧಕ್ಕೆ ಬಂದಿದ್ದೇ ನಿಂತುಬಿಟ್ಟಿತು. ಮಗ "ಅಮ್ಮಾ!" ಎಂದು ಕೂಗಿ ಮುಂದೆ ನುಗ್ಗಿದ. ಆದರೆ ಎಂಜಿನ್ ಸದ್ದು ಹಾಗೇ ಇತ್ತು. ಬ್ರೇಕ್ ದೀಪ ಕೆಂಪಗೆ ಉರಿಯುತ್ತಿತ್ತು. ಹೂವಿನಮ್ಮ ಬೇಕೆಂದೇ ನಿಲ್ಲಿಸಿದ್ದರು, ಅವತ್ತು ಜಾರಿದ ಅದೇ ಜಾಗದಲ್ಲಿ. ಕಿಟಕಿಯಿಂದ ತಲೆ ಹೊರಗೆ ಹಾಕಿ ಮಗನನ್ನೊಮ್ಮೆ ನೋಡಿದರು. ಹ್ಯಾಂಡ್ ಬ್ರೇಕ್ ಇಳಿಯಿತು, ಕ್ಲಚ್ ಹಿಡಿಯಿತು, ಗಾಡಿ ಒಂದು ಬೆರಳಿನಷ್ಟೂ ಹಿಂದೆ ಸರಿಯದೆ ಏರು ಮುಗಿಸಿ ರಸ್ತೆ ಮುಟ್ಟಿತು.

ಮಗನ ಫೋನ್ ಹೊಡೆದುಕೊಳ್ಳುತ್ತಿತ್ತು. ಎಕ್ಸ್‌ಚೇಂಜಿನವನು ಮನೆ ವಿಳಾಸ ಕೇಳುತ್ತಿದ್ದನೆಂದು ಕಾಣುತ್ತದೆ. ಮಗ ಏರಿನ ತುದಿಯನ್ನೇ ನೋಡುತ್ತಾ, "ಬರೋದು ಬೇಡ ಸಾರ್," ಎಂದ. "ಗಾಡಿ ನಮ್ಮಮ್ಮಂದು. ಅವ್ರು ಕೊಡಲ್ಲ."